ಚಳಿನಾಡಿನ ಮನೆಗೆ ಜಲ್ಲಿ ಡ್ರೈವ್‌ವೇ: ನೆಲ ಅಗೆಯುವುದರಿಂದ ಮೊದಲ ಹಿಮದವರೆಗೆ

ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಿಂದ ಆಚೆ ಎರಡು ಮೂರು ಎಕರೆ ಇರುವ ಮನೆ ಕೊಂಡ ಕನ್ನಡದವರು ಒಬ್ಬರಾದ ಮೇಲೊಬ್ಬರು ನನ್ನನ್ನು ಕೇಳುವುದು ಇದನ್ನೇ: "ರಸ್ತೆಯಿಂದ ಗ್ಯಾರೇಜಿನವರೆಗೆ ಜಲ್ಲಿ ಹಾಕಿಸ್ಬೇಕು, ಎಷ್ಟು ಲೋಡು ಬೇಕಾಗುತ್ತೆ?" ಲೋಡಿನ ಲೆಕ್ಕ ಹೇಳುತ್ತೇನೆ, ಆದರೆ ಸ್ವಲ್ಪ ತಡೆಯಿರಿ. ಜಲ್ಲಿ ಬರುವ ಮೊದಲೇ ಮುಗಿಯಬೇಕಾದ ಕೆಲಸ ಬಹಳ ಇದೆ.

ನಾನೂ ಮೊದಲ ಸಲ ಲೋಡಿನಿಂದಲೇ ಶುರು ಮಾಡಿದ್ದೆ. ಅಕ್ಟೋಬರ್ ಕೊನೆಯಲ್ಲಿ ಹುಲ್ಲಿನ ಮೇಲೇ ಎರಡು ಲೋಡು ಸುರಿಸಿದೆ. ಚಳಿಗಾಲವಿಡೀ ಬಂಡೆಯ ಹಾಗೆ ಗಟ್ಟಿಯಾಗಿತ್ತು, ನನಗೂ ಖುಷಿ. ಏಪ್ರಿಲ್‌ನಲ್ಲಿ ಕಾರು ಆಕ್ಸಲ್‌ವರೆಗೆ ಹೂತುಕೊಂಡಿತು. ಜಲ್ಲಿ ಎಲ್ಲಿ ಹೋಯಿತು ಅಂತ ಗುದ್ದಲಿ ಹಾಕಿ ನೋಡಿದರೆ, ಅದು ಕಪ್ಪು ಕೆಸರಿನೊಳಗೆ ಪಾಯಸದ ದ್ರಾಕ್ಷಿಯ ಹಾಗೆ ಅಲ್ಲೊಂದು ಇಲ್ಲೊಂದು ಸಿಕ್ಕಿತು.

ನಾನು ಬರೆಯುವುದು ಮಿನೆಸೋಟದ ಲೆಕ್ಕದಲ್ಲಿ. ಮಿಶಿಗನ್, ವಿಸ್ಕಾನ್ಸಿನ್, ಕೆನಡಾದ ಒಂಟಾರಿಯೋದಲ್ಲಿ ಇರುವವರಿಗೂ ಕೆಲಸದ ಕ್ರಮ ಇದೇ. ಕಾನೂನು, ಕಲ್ಲಿನ ಹೆಸರು ಮಾತ್ರ ಬೇರೆ. ಅಳತೆ ಎಲ್ಲ ಅಡಿ, ಇಂಚಿನಲ್ಲಿದೆ. ಊರಲ್ಲಿ ಮನೆ ಕಟ್ಟಿಸಿದವರಿಗೆ ಅದೇನೂ ಹೊಸದಲ್ಲ.

ಮೊದಲು, ಇದು ಯಾಕೆ ಹಾಳಾಗುತ್ತದೆ

ಮಿನೆಸೋಟದಲ್ಲಿ ಮನೆಯ ಪಾಯವನ್ನು ದಕ್ಷಿಣ ಭಾಗದಲ್ಲಿ 42 ಇಂಚು, ಉತ್ತರ ಭಾಗದಲ್ಲಿ 60 ಇಂಚು ಆಳಕ್ಕೆ ಇಳಿಸಬೇಕು ಎಂದು ಕಟ್ಟಡ ನಿಯಮವೇ ಹೇಳುತ್ತದೆ. ನೆಲ ಅಷ್ಟು ಆಳ ಹೆಪ್ಪುಗಟ್ಟಬಹುದು ಎಂಬ ಕಾರಣಕ್ಕೆ. ಡ್ರೈವ್‌ವೇಗೆ ಯಾರೂ ಐದಡಿ ಅಗೆಯುವುದಿಲ್ಲ. ಹಾಗಾಗಿ ಅದರ ಕೆಳಗಿನ ಮಣ್ಣು ಪ್ರತಿ ವರ್ಷ ಹೆಪ್ಪುಗಟ್ಟಿಯೇ ತೀರುತ್ತದೆ. ಅದನ್ನು ತಡೆಯುವುದು ನಮ್ಮ ಕೈಲಿಲ್ಲ.

ಬರೀ ಚಳಿಗೆ ಒಣ ಮಣ್ಣು ಏಳುವುದಿಲ್ಲ. ಮೂರು ಒಟ್ಟಿಗೆ ಸೇರಬೇಕು: ಚಳಿ, ನೀರು, ಮತ್ತು ನೀರನ್ನು ಮೇಲಕ್ಕೆ ಎಳೆಯುವ ನುಣುಪು ಮಣ್ಣು. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುತ್ತದಲ್ಲ, ಹಾಗೆ ಹೂಳಿನಂಥ ಮಣ್ಣು ಕೆಳಗಿನ ತೇವವನ್ನು ಎಳೆದು ಹೆಪ್ಪುಗಟ್ಟಿದ ಪದರಕ್ಕೆ ಕೊಡುತ್ತಲೇ ಇರುತ್ತದೆ. ಅಲ್ಲಿ ಐಸಿನ ತೆಳು ಹಾಳೆಗಳು ಕಟ್ಟಿಕೊಂಡು ದಪ್ಪವಾಗುತ್ತವೆ. ಇವನ್ನು ಐಸ್ ಲೆನ್ಸ್ ಎನ್ನುತ್ತಾರೆ. ಜನವರಿಯಲ್ಲಿ ಹಾರೆಯಿಂದ ಒಂದು ಹೆಂಟೆ ಕಿತ್ತು ಅದರ ಮಗ್ಗುಲು ನೋಡಿ: ಮಣ್ಣು, ಐಸು, ಮಣ್ಣು, ಐಸು, ಪದರು ಪದರಾಗಿ ಚಿರೋಟಿಯ ಹಾಗೆ ಕಾಣುತ್ತದೆ. ಮೇಲಿನ ಜಲ್ಲಿಯನ್ನು ಎತ್ತುವುದು ಇದೇ. ಫ್ರಾಸ್ಟ್ ಹೀವ್ ಅಂದರೆ ಹೀಗೆ ನೆಲ ಉಬ್ಬುವುದು.

ಎತ್ತಿದ್ದಕ್ಕಿಂತ ಇಳಿಯುವಾಗ ಆಗುವ ಹಾನಿ ಜಾಸ್ತಿ. ಮಾರ್ಚ್, ಏಪ್ರಿಲ್‌ನಲ್ಲಿ ನೆಲ ಮೇಲಿನಿಂದ ಕರಗುತ್ತಾ ಬರುತ್ತದೆ. ಕೆಳಗೆ ಇನ್ನೂ ಐಸು. ಕರಗಿದ ನೀರಿಗೆ ಇಳಿಯಲು ದಾರಿ ಇಲ್ಲ. ಮೇಲಿನ ಒಂದಡಿ ಅಂಬಲಿಯಾಗುತ್ತದೆ. ಆ ಹೊತ್ತಿಗೆ ರಾಜ್ಯದ ಸಾರಿಗೆ ಇಲಾಖೆಯವರೇ ಎಷ್ಟೋ ರಸ್ತೆಗಳಲ್ಲಿ ಲಾರಿಗಳ ತೂಕಕ್ಕೆ ಮಿತಿ ಹಾಕುತ್ತಾರೆ ಅಂದಮೇಲೆ ನಿಮ್ಮ ಅಂಗಳದ ದಾರಿಯ ಗತಿ ಏನು, ಯೋಚಿಸಿ.

ಚಳಿ ಹೇಗೂ ಬರುತ್ತದೆ, ಮಣ್ಣನ್ನು ಪೂರ್ತಿ ಬದಲಿಸಲು ಆಗುವುದಿಲ್ಲ. ನಮ್ಮ ಕೈಲಿರುವುದು ನೀರೊಂದೇ. ಮುಂದಿನ ಹಂತಗಳೆಲ್ಲ ನೀರನ್ನು ದೂರ ಇಡುವ ಉಪಾಯಗಳು.

1. ಸಮಯ ಮತ್ತು ಅನುಮತಿ

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಅಕ್ಟೋಬರ್ ಮೊದಲ ವಾರದೊಳಗೆ ಮುಗಿದರೆ ನಾಲ್ಕು ಮಳೆ ಬಿದ್ದು, ಕಾರು ಓಡಾಡಿ, ಜಲ್ಲಿ ಕೂರಲು ಸಮಯ ಸಿಗುತ್ತದೆ. ನವೆಂಬರ್‌ನಲ್ಲಿ "ಸೀಸನ್ ಕೊನೆ, ಕಡಿಮೆಗೆ ಮಾಡ್ಕೊಡ್ತೀವಿ" ಅನ್ನುವವರು ಬರುತ್ತಾರೆ. ಬೇಡ ಅನ್ನಿ. ತೇವದ ಜಲ್ಲಿ ಹೆಪ್ಪುಗಟ್ಟಿದ ಮೇಲೆ ಎಷ್ಟು ದಿಮ್ಮಸು ಹೊಡೆದರೂ ಒಳಗೆ ಕೂರುವುದಿಲ್ಲ. ವಸಂತದಲ್ಲಿ ಕುಸಿಯುತ್ತದೆ.

ಡ್ರೈವ್‌ವೇ ಸಾರ್ವಜನಿಕ ರಸ್ತೆಗೆ ಸೇರುವ ಕಡೆ ಕೌಂಟಿ, ಟೌನ್‌ಶಿಪ್ ಅಥವಾ ಸಿಟಿಯ ಅನುಮತಿ ಬೇಕು. ಆ ರಸ್ತೆ ಯಾರದ್ದೋ ಅವರನ್ನೇ ಕೇಳಿ. ರಸ್ತೆ ಬದಿಯ ಚರಂಡಿಯನ್ನು ದಾಟಲು ಮೋರಿ ಪೈಪು ಹಾಕಬೇಕಾಗುತ್ತದೆ. ಅದರ ಅಳತೆ ಅವರೇ ಹೇಳುತ್ತಾರೆ. ಸ್ವಂತ ಬುದ್ಧಿ ಓಡಿಸಿ ಸಣ್ಣ ಪೈಪು ಹಾಕಬೇಡಿ. ಐಸ್ ಕಟ್ಟಿ ಮುಚ್ಚಿಹೋದರೆ ಕರಗಿದ ನೀರೆಲ್ಲ ನಿಮ್ಮ ಹೊಸ ಜಲ್ಲಿಯ ಮೇಲೇ ಹರಿಯುತ್ತದೆ.

2. ಅಗೆಯುವ ಮೊದಲು 811

ಅಮೆರಿಕದಲ್ಲಿ ಎಲ್ಲೇ ಇದ್ದರೂ 811ಕ್ಕೆ ಕರೆ ಮಾಡಿ. ನೆಲದೊಳಗಿನ ಪೈಪು, ವೈರು ಎಲ್ಲಿವೆ ಅಂತ ಗುರುತು ಮಾಡಿಸಿಕೊಡುವ ನಂಬರು ಇದು. ಮಿನೆಸೋಟದಲ್ಲಿ ಈ ಕೆಲಸ ನೋಡುವುದು ಗೋಫರ್ ಸ್ಟೇಟ್ ಒನ್ ಕಾಲ್. ಒಂಟಾರಿಯೋದವರಿಗೆ ಒಂಟಾರಿಯೋ ಒನ್ ಕಾಲ್ ಇದೆ. ಖರ್ಚಿಲ್ಲ. ಕೆಲಸಕ್ಕೆ ಕೆಲವು ದಿನ ಮೊದಲೇ ಹೇಳಬೇಕು. ಬಂದು ನೆಲದ ಮೇಲೆ ಬಣ್ಣ ಹಾಕಿ ಹೋಗುತ್ತಾರೆ: ಕೆಂಪು ಅಂದರೆ ಕರೆಂಟು, ಹಳದಿ ಗ್ಯಾಸು, ನೀಲಿ ಕುಡಿಯುವ ನೀರು, ಹಸಿರು ಒಳಚರಂಡಿ, ಕಿತ್ತಳೆ ಫೋನು ಮತ್ತು ಕೇಬಲ್.

ಇಲ್ಲಿ ಎಡವುವವರು ಬಹಳ. ಅವರು ಗುರುತು ಮಾಡುವುದು ಕಂಪನಿಗಳ ಲೈನು ಮಾತ್ರ. ಪ್ರೊಪೇನ್ ಟ್ಯಾಂಕಿನಿಂದ ಮನೆಗೆ ಬರುವ ಪೈಪು, ಶೆಡ್ಡಿಗೆ ಹೋದ ವೈರು, ಬೋರ್‌ವೆಲ್ಲಿನ ಪೈಪು, ಹಿಂದಿನ ಮಾಲೀಕರು ನಾಯಿಗೆಂದು ಹೂತಿಟ್ಟ ತಂತಿ, ಇವುಗಳಿಗೆ ಬಣ್ಣ ಬೀಳುವುದಿಲ್ಲ. ಅವನ್ನು ನೀವೇ ಹುಡುಕಬೇಕು, ಇಲ್ಲವೇ ದುಡ್ಡು ಕೊಟ್ಟು ಹುಡುಕಿಸಬೇಕು.

3. ದಾರಿ ಎಲ್ಲಿ ಹೋಗಬೇಕು

ಗೂಟ ಹೊಡೆದು ದಾರ ಕಟ್ಟಿ. ಅಗಲ 10 ಅಡಿ ಇದ್ದರೆ ಸಾಕು ಅನ್ನಿಸಬಹುದು. 12 ಇಡಿ, ತಿರುವಿನಲ್ಲಿ 14. ಎರಡೂ ಕಡೆ ಮೂರು ನಾಲ್ಕು ಅಡಿ ಖಾಲಿ ಬಿಡಿ, ಹಿಮ ತಳ್ಳಲು ಜಾಗ ಬೇಕಲ್ವಾ? ಗಿಡ, ಬೇಲಿ, ಅಂಚೆ ಪೆಟ್ಟಿಗೆ ಎಲ್ಲ ಅದರಾಚೆ.

ಹಿಮದ ರಾಶಿ ಎಲ್ಲಿ ಬೀಳುತ್ತದೆ ಅಂತ ಬೇಸಿಗೆಯಲ್ಲೇ ಯೋಚಿಸಿ. ಏರಿನ ಕಡೆ ರಾಶಿ ಹಾಕಿದರೆ ಹಗಲು ಕರಗಿದ ನೀರು ದಾರಿಯ ಮೇಲೆ ಹರಿದು, ರಾತ್ರಿ ಗಾಜಾಗುತ್ತದೆ. ಇಳಿಜಾರಿನ ಕಡೆ ಜಾಗ ಬಿಡಿ.

ಸೆಪ್ಟಿಕ್‌ನ ಡ್ರೈನ್‌ಫೀಲ್ಡ್ ಮೇಲೆ, ಅಂದರೆ ಟ್ಯಾಂಕಿನಿಂದ ಬಂದ ನೀರು ಮಣ್ಣಿಗೆ ಇಂಗುವ ಜಾಗದ ಮೇಲೆ, ದಾರಿ ತರಲೇಬೇಡಿ. ಕಾರಿನ ಭಾರಕ್ಕೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಹಿಮ ನೆಲಕ್ಕೆ ಕಂಬಳಿ ಇದ್ದ ಹಾಗೆ. ಅದನ್ನು ತೆಗೆದ ಕಡೆ ಚಳಿ ಇನ್ನೂ ಆಳಕ್ಕೆ ಇಳಿಯುತ್ತದೆ. ಹುಲ್ಲಿನ ಕೆಳಗೆ ಸುಖವಾಗಿದ್ದ ನೀರಿನ ಪೈಪು ಡ್ರೈವ್‌ವೇ ಕೆಳಗೆ ಬಂದ ವರ್ಷವೇ ಹೆಪ್ಪುಗಟ್ಟುವುದು ಇದಕ್ಕೇ. ಅಂಥ ಪೈಪು ದಾಟುತ್ತಿದ್ದರೆ ಅಗೆದಾಗಲೇ ಅದರ ಮೇಲೆ ನೆಲದೊಳಗೆ ಹಾಕುವ ಗಟ್ಟಿ ಫೋಮ್ ಹಲಗೆ ಇಟ್ಟು ಮುಚ್ಚಿಸಿ.

4. ನಿಮ್ಮ ಮಣ್ಣು ಯಾವುದು: ಜಾಡಿ ಪರೀಕ್ಷೆ

ಹುಲ್ಲಿನ ಬೇರಿಗಿಂತ ಕೆಳಗಿನ ಮಣ್ಣು ತೆಗೆದುಕೊಳ್ಳಿ. ಗಾಜಿನ ಜಾಡಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ. ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು. ಒಂದೆರಡು ಗಂಟೆಯಲ್ಲಿ ಅದರ ಮೇಲೆ ಕೂತದ್ದು ಹೂಳು. ಮಾರನೆಯ ದಿನವೂ ನೀರನ್ನು ರಾಡಿ ಮಾಡಿಕೊಂಡು ತೇಲುತ್ತಿರುವುದು ಜೇಡಿ.

ಬಹುಪಾಲು ಮರಳಿದ್ದರೆ ನೀವು ಪುಣ್ಯವಂತರು, ಒಟ್ಟು 6ರಿಂದ 8 ಇಂಚು ಜಲ್ಲಿ ಸಾಕು. ಹೂಳು, ಜೇಡಿ ಜಾಸ್ತಿ ಇದ್ದರೆ 10ರಿಂದ 12 ಇಂಚು, ಜೊತೆಗೆ ಜಲ್ಲಿಯ ಕೆಳಗೆ ಹಾಸುವ ಬಟ್ಟೆ (7ನೇ ಹಂತ ನೋಡಿ). ಎಲ್ಲಕ್ಕಿಂತ ಕೆಟ್ಟದ್ದು ಹೂಳು. ಜೇಡಿಯಲ್ಲಿ ನೀರು ನಿಧಾನವಾಗಿ ಚಲಿಸುತ್ತದೆ. ಮರಳಿಗೆ ಎಳೆಯುವ ಶಕ್ತಿ ಕಡಿಮೆ. ಹೂಳು ಎರಡೂ ಕೆಲಸ ಚೆನ್ನಾಗಿ ಮಾಡುತ್ತದೆ.

5. ಅಗೆತ

ಕಪ್ಪು ಮೇಲ್ಮಣ್ಣು ಪೂರ್ತಿ ಹೋಗಬೇಕು. ಬೇರು, ಹುಲ್ಲು, ಕೊಳೆತ ಎಲೆ ಇರುವ ಮಣ್ಣು ಸ್ಪಂಜಿನ ಹಾಗೆ. ಅದರ ಮೇಲೆ ಏನು ಹಾಕಿದರೂ ನನ್ನ ಪಾಯಸದ ಕಥೆಯೇ. ಬಾಡಿಗೆ ಸ್ಕಿಡ್ ಸ್ಟೀರ್ ಒಂದು, ಅಂದರೆ ಮುಂದೆ ಬಕೆಟ್ ಇರುವ ಪುಟ್ಟ ಲೋಡರ್, ನೂರಡಿ ದಾರಿಗೆ ಸಾಕು. ಮಳೆ ಬಂದ ಮಾರನೆಯ ದಿನ ಅಗೆಯಬೇಡಿ, ಯಂತ್ರವೇ ನೆಲವನ್ನು ಕಲಸಿ ಹಾಕುತ್ತದೆ.

ಈಗ ದೊಡ್ಡ ತಪ್ಪಿನ ಜಾಗಕ್ಕೆ ಬಂದೆವು. ಸಮತಟ್ಟಾಗಿ ಅಗೆದು, ಒಳಗೆ ಜಲ್ಲಿ ತುಂಬಿ, ಮೇಲೆ ಹುಲ್ಲಿನ ಮಟ್ಟಕ್ಕೆ ಸರಿ ಮಾಡಿದರೆ ನೋಡಲು ಚೆಂದ. ಆದರೆ ನೀವು ಕಟ್ಟಿರುವುದು ನೂರಡಿ ಉದ್ದದ ತೊಟ್ಟಿ. ಸುತ್ತಲ ನೀರೆಲ್ಲ ಅದರಲ್ಲಿ ನಿಂತು ಡಿಸೆಂಬರ್‌ಗೆ ಕಾಯುತ್ತದೆ. ತಪ್ಪಿಸಲು ಎರಡು ಕೆಲಸ ಮಾಡಿ. ಅಗೆದ ತಳವನ್ನೇ ಆಮೆ ಬೆನ್ನಿನ ಹಾಗೆ ನಡುವೆ ಎತ್ತರ, ಅಂಚಿಗೆ ಇಳಿಜಾರು ಮಾಡಿ. ಇದಕ್ಕೆ ಕ್ರೌನ್ ಎನ್ನುತ್ತಾರೆ. ಮತ್ತೆ, ಮುಗಿದ ಜಲ್ಲಿಯ ಮಟ್ಟ ಅಕ್ಕಪಕ್ಕದ ಹುಲ್ಲಿಗಿಂತ ಮೂರು ನಾಲ್ಕು ಇಂಚು ಮೇಲಿರಲಿ.

ತಳ ಸಿದ್ಧವಾದ ಮೇಲೆ ಭಾರ ತುಂಬಿದ ಪಿಕಪ್ ಟ್ರಕ್ ಒಂದನ್ನು ನಿಧಾನವಾಗಿ ಓಡಿಸಿ, ಪಕ್ಕದಲ್ಲಿ ನಡೆಯುತ್ತಾ ಚಕ್ರದ ಹಿಂದೆ ನೋಡಿ. ನೆಲ ಹಾಸಿಗೆಯ ಹಾಗೆ ಕುಸಿದು ಮತ್ತೆ ಎದ್ದರೆ ಅಲ್ಲಿ ಕೆಳಗೆ ಮೆತ್ತಗಿದೆ. ಆ ಜಾಗವನ್ನು ಇನ್ನೊಂದಡಿ ಕಿತ್ತು ದಪ್ಪ ಕಲ್ಲು ತುಂಬಿ. ಈಗ ಅರ್ಧ ದಿನದ ಕೆಲಸ. ಆಮೇಲಾದರೆ ಪ್ರತಿ ವರ್ಷ ಅದೇ ಜಾಗದಲ್ಲಿ ಹೊಂಡ.

6. ನೀರಿಗೆ ದಾರಿ

ಏರಿನ ಕಡೆಯಿಂದ ಬರುವ ನೀರು ಜಲ್ಲಿಗೆ ತಾಗುವ ಮೊದಲೇ ಸಿಗುವ ಹಾಗೆ ಅಗಲವಾದ, ಆಳ ಕಡಿಮೆ ಇರುವ ಚರಂಡಿ ತೆಗೆದು ಹುಲ್ಲು ಬೆಳೆಸಿ. ಚರಂಡಿ ಎಲ್ಲಿ ಮುಗಿಯುತ್ತದೆ ಅಂತಲೂ ನೋಡಿ, ಪಕ್ಕದ ಮನೆಯವರ ಅಂಗಳದಲ್ಲಿ ಅಂತೂ ಬೇಡ. ಚಾವಣಿಯ ನೀರಿನ ಪೈಪು ಡ್ರೈವ್‌ವೇ ಮೇಲೆ ಬಾಯಿ ಬಿಟ್ಟಿದ್ದರೆ ಇವತ್ತೇ ತಿರುಗಿಸಿ. ಗ್ಯಾರೇಜಿನ ಬಾಗಿಲಿನ ಮುಂದೆ ಇಳಿಜಾರು ಹೊರಗಿನ ಕಡೆಗೇ ಇರಲಿ.

ನೂರಡಿಗೆ ಹತ್ತಡಿಗಿಂತ ಜಾಸ್ತಿ ಏರು ಇದ್ದರೆ ಜಲ್ಲಿ ನಿಲ್ಲುವುದು ಕಷ್ಟ. ಆ ಭಾಗಕ್ಕೆ ಮಾತ್ರ ಡಾಂಬರು ಹಾಕಿಸುವುದು ಲೇಸು ಅಂತ ನನ್ನ ಅಭಿಪ್ರಾಯ.

7. ಬಟ್ಟೆ

ಜಿಯೋಟೆಕ್ಸ್‌ಟೈಲ್ ಅಂದರೆ ಮಣ್ಣಿಗೂ ಜಲ್ಲಿಗೂ ನಡುವೆ ಹಾಸುವ ಪ್ಲಾಸ್ಟಿಕ್ ಎಳೆಯ ಬಟ್ಟೆ. ನೀರನ್ನು ಬಿಡುತ್ತದೆ, ಕೆಸರನ್ನು ಬಿಡುವುದಿಲ್ಲ. ಎರಡು ಬಗೆ ಇದೆ. ಗೋಣಿಚೀಲದ ಹಾಗೆ ನೇಯ್ದದ್ದು ಗಟ್ಟಿ. ಕಂಬಳಿಯ ಹಾಗೆ ಒತ್ತಿ ಮಾಡಿದ್ದು ನೀರನ್ನು ಸಲೀಸಾಗಿ ಬಿಡುತ್ತದೆ. ಮೆತ್ತಗಿನ ಜೇಡಿಗೆ ಮೊದಲನೆಯದು, ಒರತೆ ಇರುವ ಜಾಗಕ್ಕೆ ಎರಡನೆಯದು. ತೋಟದಲ್ಲಿ ಕಳೆ ಬಾರದಿರಲಿ ಅಂತ ಹಾಸುವ ಕಪ್ಪು ಬಟ್ಟೆ ಇದಕ್ಕಲ್ಲ, ಲಾರಿಯ ಒಂದು ಸುತ್ತಿಗೇ ಹರಿಯುತ್ತದೆ.

ಒಂದರ ಮೇಲೊಂದು ಒಂದೂವರೆ ಅಡಿ ಹೊದಿಕೆ ಬರುವ ಹಾಗೆ ಹಾಸಿ. ಬರೀ ಬಟ್ಟೆಯ ಮೇಲೆ ಯಾವ ಗಾಡಿಯನ್ನೂ ಬಿಡಬೇಡಿ. ಸುರಿದ ಕಲ್ಲಿನ ಮೇಲೆಯೇ ನಿಂತು, ಕಲ್ಲನ್ನು ಮುಂದಕ್ಕೆ ತಳ್ಳುತ್ತಾ ಹೋಗಬೇಕು.

8. ಕಲ್ಲು: ಕೆಳಗೆ ಪುಡಿ ಬೇಡ, ಮೇಲೆ ಪುಡಿ ಬೇಕು

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಈ ತಲೆಬರಹ ಸಾಕು.

ಈ ಲೆಕ್ಕ ಹೂಳು, ಜೇಡಿ ನೆಲಕ್ಕೆ. ತಳದಲ್ಲಿ ಎರಡು ಮೂರು ಇಂಚಿನ ಒಡೆದ ಕಲ್ಲು, ಪುಡಿ ಇಲ್ಲದ್ದು, ನಾಲ್ಕು ಇಂಚು ದಪ್ಪಕ್ಕೆ. ಕಲ್ಲುಗಳ ನಡುವಿನ ಸಂದು ದೊಡ್ಡದಿದ್ದರೆ ಬತ್ತಿ ತುಂಡಾದಂತೆ, ಕೆಳಗಿನ ತೇವ ಮೇಲಕ್ಕೆ ಏರುವುದಿಲ್ಲ. ಮೇಲಿನಿಂದ ಬಂದ ನೀರೂ ಬೇಗ ಇಳಿದು ಪಕ್ಕಕ್ಕೆ ಹೋಗುತ್ತದೆ.

ಅದರ ಮೇಲೆ ನಾಲ್ಕು ಇಂಚು ಕ್ಲಾಸ್ 5. ಮಿನೆಸೋಟದಲ್ಲಿ ಯಾವ ಕ್ವಾರಿಗೆ ಫೋನ್ ಮಾಡಿದರೂ ಗೊತ್ತಾಗುವ ಹೆಸರು ಇದು. ಒಂದು ಇಂಚಿನ ಕಲ್ಲಿನಿಂದ ಹಿಡಿದು ನುಣುಪು ಪುಡಿಯವರೆಗೆ ಎಲ್ಲ ಗಾತ್ರವೂ ಬೆರೆತ ಜಲ್ಲಿ. ಬೇರೆ ರಾಜ್ಯದವರು "ಮುಕ್ಕಾಲು ಮೈನಸ್" ಅಂತ ಕೇಳಿ. ಮೈನಸ್ ಅಂದರೆ ಮುಕ್ಕಾಲು ಇಂಚು ಮತ್ತು ಅದಕ್ಕಿಂತ ಚಿಕ್ಕದೆಲ್ಲ, ಪುಡಿ ಸೇರಿ. ಇದರ ಮೊದಲ ಪದರ ಕೆಳಗಿನ ಸಂದುಗಳಿಗೆ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಒಂದು ಬುಟ್ಟಿ ಜಾಸ್ತಿಯೇ ಬೇಕಾದೀತು.

ಕೊನೆಗೆ ಮೇಲ್ಪದರ ಮೂರು ಇಂಚು. ಇದರಲ್ಲಿ ಪುಡಿ ಇರಲೇಬೇಕು, ಇಲ್ಲದಿದ್ದರೆ ಕಲ್ಲು ಕಲ್ಲನ್ನು ಹಿಡಿಯುವುದಿಲ್ಲ. ಕ್ಲಾಸ್ 5 ಅನ್ನೇ ಹಾಕಬಹುದು. ಸುಣ್ಣಕಲ್ಲು ಸಿಗುವ ಕಡೆ ಕ್ಲಾಸ್ 2 ಎಂಬ ಒಡೆದ ಸುಣ್ಣಕಲ್ಲು ಸಿಗುತ್ತದೆ, ಅದು ಇನ್ನೂ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಗುಂಡನೆಯ ಹೊಳೆಗಲ್ಲು, ಬಟಾಣಿ ಗಾತ್ರದ ಪೀ ಗ್ರಾವೆಲ್ ನೋಡಿ ಮರುಳಾಗಬೇಡಿ. ಚೀಲ ತುಂಬ ಗೋಲಿ ಸುರಿದ ಹಾಗೆ, ಹಿಮ ತಳ್ಳುವ ಯಂತ್ರಕ್ಕೆ ಸಿಕ್ಕರೆ ಎಲ್ಲ ಹುಲ್ಲಿನ ಮೇಲೆ. ತೊಳೆದ ಜಲ್ಲಿಯ ಕಥೆಯೂ ಅದೇ.

ಲೋಡಿನ ಲೆಕ್ಕ ಈಗ. ಅಮೆರಿಕದಲ್ಲಿ ಜಲ್ಲಿ ಅಳೆಯುವುದು ಕ್ಯೂಬಿಕ್ ಯಾರ್ಡಿನಲ್ಲಿ, ಅಂದರೆ 27 ಘನ ಅಡಿ. 12 ಅಡಿ ಅಗಲ, 100 ಅಡಿ ಉದ್ದ ಅಂದರೆ 1200 ಚದರಡಿ. ಕೆಳಗಿನ 8 ಇಂಚಿಗೆ 800 ಘನ ಅಡಿ, ಸುಮಾರು 30 ಯಾರ್ಡ್. ಮೇಲಿನ 3 ಇಂಚಿಗೆ 300 ಘನ ಅಡಿ, ಸುಮಾರು 11 ಯಾರ್ಡ್. ದಿಮ್ಮಸು ಹೊಡೆದಾಗ ಕುಗ್ಗುವುದಕ್ಕೆ ಶೇ 15ರಿಂದ 20 ಸೇರಿಸಿ: 35 ಮತ್ತು 13. ಒಂದು ಯಾರ್ಡ್ ಸುಮಾರು 1.4 ಟನ್ ತೂಗುತ್ತದೆ. ಒಟ್ಟು 67 ಟನ್ ಆಯಿತು. ಲಾರಿಗೆ 15 ಟನ್ ಹಿಡಿದರೆ ಐದು ಲೋಡು. ನನ್ನ ಮೊದಲ ಎರಡು ಲೋಡು ಎಲ್ಲಿ ಮುಳುಗಿತು ಅಂತ ಈಗ ಗೊತ್ತಾಯಿತಲ್ಲ.

ಲಾರಿಯವರಿಗೆ "ಟೇಲ್‌ಗೇಟ್ ಸ್ಪ್ರೆಡ್ ಮಾಡಿ" ಅಂತ ಮೊದಲೇ ಹೇಳಿ. ಹಿಂದಿನ ಬಾಗಿಲನ್ನು ಸರಪಳಿಯಿಂದ ಸ್ವಲ್ಪವೇ ತೆರೆದು, ಓಡಿಸುತ್ತಾ ಸುರಿಯುತ್ತಾರೆ. ಒಂದೇ ಕಡೆ ಗುಡ್ಡೆ ಹಾಕಿ ಹೋದರೆ ನಿಮ್ಮ ವಾರಾಂತ್ಯ ಸಲಿಕೆ ಹಿಡಿದೇ ಕಳೆಯುತ್ತದೆ.

9. ದಿಮ್ಮಸು

ನಾಲ್ಕು ಇಂಚಿಗಿಂತ ಜಾಸ್ತಿ ಒಮ್ಮೆಗೇ ಹಾಕಬೇಡಿ. ಬಾಡಿಗೆಗೆ ಸಿಗುವ ಪ್ಲೇಟ್ ಕಂಪ್ಯಾಕ್ಟರ್, ಅಂದರೆ ತಟ್ಟೆ ಅದುರಿಸಿ ನೆಲ ಗಟ್ಟಿ ಮಾಡುವ ಯಂತ್ರ, ಅದಕ್ಕಿಂತ ಕೆಳಗೆ ಮುಟ್ಟುವುದಿಲ್ಲ. ಮೇಲೆ ಗಟ್ಟಿ ಕಂಡರೂ ಕೆಳಗೆ ಸಡಿಲ ಉಳಿಯುತ್ತದೆ. ಹಾಕು, ಹೊಡೆ, ಮತ್ತೆ ಹಾಕು.

ಜಲ್ಲಿ ತೇವ ಇರಬೇಕು. ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿ. ರವೆ ಉಂಡೆ ಕಟ್ಟುವಾಗಿನ ಹದ ಬರಬೇಕು: ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳ ಸಂದಿನಲ್ಲಿ ನೀರು ಒಸರಬಾರದು. ಪುಡಿಯಾಗಿ ಉದುರಿದರೆ ಪೈಪ್ ಹಿಡಿದು ನೀರು ಚಿಮುಕಿಸಿ. ಅಂಚಿನಿಂದ ಶುರು ಮಾಡಿ ನಡುವಿಗೆ ಬನ್ನಿ. ಮೊದಲ ಸುತ್ತಿನಲ್ಲಿ ಯಂತ್ರ ಮಂದವಾಗಿ ಗುದ್ದುತ್ತದೆ. ಮೂರು ನಾಲ್ಕು ಸುತ್ತಾದ ಮೇಲೆ ಸದ್ದು ಬದಲಾಗಿ, ತಟ್ಟೆ ಕುಣಿಯಲು ಶುರುವಾಗುತ್ತದೆ. ಆಗ ಆ ಪದರ ಮುಗಿಯಿತು.

ಕೊನೆಯ ಪದರದಲ್ಲಿ ಕ್ರೌನ್ ಅಳೆದು ನೋಡಿ. ಒಂದು ಅಡಿಗೆ ಅರ್ಧ ಇಂಚು ಇಳಿಜಾರು. 12 ಅಡಿ ದಾರಿಯಲ್ಲಿ ನಡುವಿನಿಂದ ಅಂಚಿಗೆ 6 ಅಡಿ, ಅಂದರೆ ನಡುವೆ 3 ಇಂಚು ಎತ್ತರ. ದಾರ ಎಳೆದು, ಟೇಪು ಹಿಡಿದು ನೋಡಿ. ಕಣ್ಣಳತೆಗೆ ಒಂದೂವರೆ ಇಂಚೂ ಬೇಕಾದಷ್ಟು ಕಾಣುತ್ತದೆ.

10. ಮೊದಲ ಚಳಿಗಾಲ

ನೆಲ ಗಟ್ಟಿಯಾಗುವ ಮೊದಲೇ, ಅಕ್ಟೋಬರ್‌ನಲ್ಲಿ, ಎರಡೂ ಅಂಚಿಗೆ ಹೊಳೆಯುವ ಪಟ್ಟಿಯ ಕಡ್ಡಿ ನೆಡಿ. ಹಿಮ ಬಿದ್ದ ಮೇಲೆ ದಾರಿ ಎಲ್ಲಿ, ಹುಲ್ಲೆಲ್ಲಿ ಅಂತ ಯಾರಿಗೂ ತಿಳಿಯುವುದಿಲ್ಲ.

ಮೊದಲ ಒಂದೆರಡು ಹಿಮವನ್ನು, ಕಡಿಮೆ ಬಿದ್ದಿದ್ದರೆ, ತೆಗೆಯದೆ ಕಾರು ಓಡಿಸಿ ಅದುಮಿಬಿಡಿ. ಜಲ್ಲಿಯ ಮೇಲೆ ಗಟ್ಟಿ ಹೊದಿಕೆಯಾಗುತ್ತದೆ. ನೆಲ ಹೆಪ್ಪುಗಟ್ಟುವ ಮೊದಲು ಪ್ಲೌ, ಅಂದರೆ ಹಿಮ ತಳ್ಳುವ ಬ್ಲೇಡು, ಓಡಿಸಿದರೆ ಹಿಮದ ಜೊತೆ ಜಲ್ಲಿಯೂ ಹೊರಡುತ್ತದೆ. ಆಮೇಲೂ ಪ್ಲೌ, ಸ್ನೋ ಬ್ಲೋವರ್ ಎರಡರಲ್ಲೂ ಸ್ಕಿಡ್ ಶೂ, ಅಂದರೆ ಕೆಳಗಿನ ಜಾರು ಪಾದ, ಕೆಳಗಿಳಿಸಿ ಬ್ಲೇಡು ನೆಲದಿಂದ ಒಂದು ಇಂಚು ಮೇಲಿರುವ ಹಾಗೆ ಮಾಡಿ. ಬ್ಲೋವರ್‌ಗೆ ಸಿಕ್ಕ ಕಲ್ಲು ಗುಂಡಿನ ಹಾಗೆ ಹಾರುತ್ತದೆ. ಅದರ ಬಾಯಿ ಕಿಟಕಿ, ಕಾರು, ಮಕ್ಕಳ ಕಡೆ ತಿರುಗಿರಬಾರದು. ಬೇರೆಯವರು ಬಂದು ಪ್ಲೌ ಮಾಡುವುದಾದರೆ ಜಲ್ಲಿ ಅಂತ ಮೊದಲೇ ಹೇಳಿಡಿ.

ಉಪ್ಪು ಹಾಕಬೇಡಿ. ಐಸ್ ಕರಗಿ, ಆ ನೀರು ಪುಡಿಯೊಳಗೆ ಇಳಿದು, ಗಟ್ಟಿಯಿದ್ದ ಮೇಲ್ಪದರ ಚಳಿಗಾಲದ ನಡುವೆಯೇ ಕೆಸರಾಗುತ್ತದೆ. ಜಾರುವ ಕಡೆ ಮರಳು ಅಥವಾ ಸಣ್ಣ ಒಡೆದ ಜಲ್ಲಿ ಎರಚಿ.

11. ಏಪ್ರಿಲ್

ಕರಗುವ ಎರಡು ಮೂರು ವಾರ ಭಾರದ ಗಾಡಿ ಒಳಗೆ ಬಿಡಬೇಡಿ. ಪ್ರೊಪೇನ್ ಟ್ಯಾಂಕರ್ ಬರುವುದಿದ್ದರೆ ಮಾರ್ಚ್‌ಗೆ ಮೊದಲೇ ತುಂಬಿಸಿಕೊಳ್ಳಿ. ಹಸಿ ಇರುವಾಗ ಬಿದ್ದ ಚಕ್ರದ ಗೆರೆಯನ್ನು ಆಗಲೇ ಸರಿ ಮಾಡಲು ಹೋಗಬೇಡಿ, ಕಲಸಿ ಇನ್ನೂ ಹಾಳಾಗುತ್ತದೆ. ನೀರು ನಿಂತ ಕಡೆ ಗುದ್ದಲಿಯಿಂದ ಅಂಚಿಗೆ ಒಂದು ಕಾಲುವೆ ಕೀರಿಬಿಡಿ, ಅಷ್ಟು ಸಾಕು.

ನೆಲ ಆರಿದರೂ ಸ್ವಲ್ಪ ತೇವ ಉಳಿದಿರುವಾಗ ಹುಲ್ಲಿಗೆ ಹಾರಿದ ಜಲ್ಲಿಯನ್ನು ಕುಂಟೆಯಿಂದ ಎಳೆದು ವಾಪಸ್ ತನ್ನಿ, ಕ್ರೌನ್ ಮತ್ತೆ ಅಳೆಯಿರಿ. ಹೊಂಡ ಬಿದ್ದಿದ್ದರೆ ಸುಮ್ನೆ ಜಲ್ಲಿ ತುಂಬಬೇಡಿ, ಒಂದು ವಾರದಲ್ಲಿ ಹಾರಿಹೋಗುತ್ತದೆ. ಹೊಂಡದ ತಳದವರೆಗೂ ಸುತ್ತಲಿನ ಜಾಗವನ್ನು ಪಿಕಾಸಿಯಿಂದ ಕೆದಕಿ ಸಡಿಲ ಮಾಡಿ, ಪುಡಿ ಇರುವ ಹೊಸ ಜಲ್ಲಿ ಬೆರೆಸಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಯಿರಿ. ಎರಡು ವರ್ಷ ಅದೇ ಜಾಗದಲ್ಲಿ ಹೊಂಡ ಬಂದರೆ ಜಲ್ಲಿಯನ್ನು ಬಯ್ಯಬೇಡಿ. ಮಳೆ ಬರುವಾಗ ಕೊಡೆ ಹಿಡಿದು ಅಲ್ಲಿ ಹೋಗಿ ನಿಂತು, ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿ.